ಮೂರೂವರೆ ಮೀಟರ್ ತಂತಿ, ಆರದ ಹಸಿರು ದೀಪ: ನೇಮ್ ಆಂಪ್ಲಿಫೈಯರ್ ಬಗ್ಗೆ ಒಂದಿಷ್ಟು ಮಾತು

(ಚಿಕ್ಕಮಗಳೂರಿನಲ್ಲಿ ಸಂಗೀತ ಕೇಳುವ ಹವ್ಯಾಸಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ನೇಮ್ ಆಡಿಯೊ ಕಂಪನಿಯ ಆಂಪ್ಲಿಫೈಯರ್ ಇಟ್ಟುಕೊಂಡವರನ್ನು ಕೇಳಿ ನೋಡಿ. "ಇದರಲ್ಲಿ ಹಾಡು ಹಾಕಿದರೆ ಕೈ ತಾನಾಗೇ ತೊಡೆಗೆ ಹೋಗುತ್ತದೆ, ತಾಳ ಹಾಕದೆ ಇರೋಕೆ ಆಗಲ್ಲ" ಅನ್ನುತ್ತಾರೆ. ಅದನ್ನೇ ಮಾರಿ ಬೇರೆ ಕೊಂಡವರನ್ನು ಕೇಳಿ. "ಬರೀ ಒಣಕಲು ಸೌಂಡ್, ಮುಖಕ್ಕೆ ಬಂದು ರಾಚುತ್ತೆ" ಅನ್ನುತ್ತಾರೆ. ಇಬ್ಬರೂ ಒಂದೇ ಡಬ್ಬದ ಬಗ್ಗೆ ಮಾತಾಡುತ್ತಿದ್ದಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಇಂಥ ಜಗಳ ಎಲ್ಲ ಬ್ರ್ಯಾಂಡಿಗೂ ಇದೆ, ನಿಜ. ಆದರೆ ನೇಮ್‌ಗೆ ಇರುವಷ್ಟು ಮಡಿ ಬೇರೆ ಯಾವ ಆಂಪ್ಲಿಫೈಯರಿಗೂ ನಾನು ಕಂಡಿಲ್ಲ. ಸ್ಪೀಕರ್ ತಂತಿ ಮೂರೂವರೆ ಮೀಟರಿಗಿಂತ ಕಮ್ಮಿ ಇರಬಾರದು. ಬೇರೆಯವರ ಪ್ರಿಆಂಪ್, ಅಂದರೆ ಹಾಡು ಆರಿಸಿ ವಾಲ್ಯೂಮ್ ಇಡುವ ಮುಂದಿನ ಡಬ್ಬ, ಮುಟ್ಟಿಸಬಾರದು. ಕರೆಂಟಿನ ದಾರಿಯಲ್ಲಿ ಫಿಲ್ಟರ್ ಇಡಬಾರದು. ಸ್ವಿಚ್ ಆಫ್ ಮಾಡಲೇಬಾರದು. ಇದರಲ್ಲಿ ಯಾವುದಕ್ಕೆ ಸರ್ಕ್ಯೂಟಿನೊಳಗೆ ಕಾರಣ ಇದೆ, ಯಾವುದು ಬರೀ ನಂಬಿಕೆ, ಯಾವುದನ್ನು ನಮ್ಮ ಮಲೆನಾಡಿನಲ್ಲಿ ಪಾಲಿಸಿದರೆ ಡಬ್ಬವೇ ಸುಟ್ಟುಹೋಗುತ್ತದೆ ಅನ್ನುವುದಷ್ಟೇ ಇವತ್ತಿನ ಮಾತು.

ಮೊದಲು ಹಿನ್ನೆಲೆ, ಬೇಗ ಮುಗಿಸುತ್ತೇನೆ. ಇಂಗ್ಲೆಂಡಿನ ಸಾಲ್ಸ್‌ಬರಿ ಊರಿನ ಕಂಪನಿ ಇದು. ಜೂಲಿಯನ್ ವೆರೆಕರ್ 1973ರಲ್ಲಿ ಶುರು ಮಾಡಿದರು. ಎಲೆಕ್ಟ್ರಾನಿಕ್ಸ್ ಅವರು ತಾವೇ ಕಲಿತದ್ದು. ಅದಕ್ಕೂ ಮೊದಲು ಮಿನಿ ಕಾರಿನಲ್ಲಿ ರೇಸ್ ಓಡಿಸುತ್ತಿದ್ದರು. ಗೆಳೆಯರು ನುಡಿಸಿದ್ದನ್ನು ಟೇಪಿನಲ್ಲಿ ಹಿಡಿದು ಮನೆಗೆ ತಂದು ಹಾಕಿದರೆ, ಎದುರಿಗೆ ಕೂತು ಕೇಳಿದ್ದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಆ ಸಿಟ್ಟಿನಲ್ಲೇ ಸ್ವಂತ ಆಂಪ್ಲಿಫೈಯರ್ ಮಾಡಲು ಕೂತರು. 1975ರಲ್ಲಿ ನ್ಯಾಪ್ 250 ಅನ್ನುವ ಪವರ್ ಆಂಪ್, ಅಂದರೆ ಸ್ಪೀಕರನ್ನು ಓಡಿಸುವ ಡಬ್ಬ, ಬಂತು. ಅದೇ ಹೆಸರಿನ ಮಾದರಿಯನ್ನು ತಿದ್ದಿ ತಿದ್ದಿ ಇವತ್ತಿಗೂ ಮಾರುತ್ತಿದ್ದಾರೆ. 1983ರಲ್ಲಿ ನೇಟ್ ಬಂತು. ಪ್ರಿಆಂಪ್, ಪವರ್ ಆಂಪ್ ಎರಡೂ ಒಂದೇ ಪುಟ್ಟ ಡಬ್ಬದಲ್ಲಿ. ವೆರೆಕರ್ 2000ದಲ್ಲಿ ತೀರಿಕೊಂಡರು. 2011ರಲ್ಲಿ ಫ್ರಾನ್ಸಿನ ಸ್ಪೀಕರ್ ಕಂಪನಿ ಫೋಕಲ್ ಜೊತೆ ನೇಮ್ ಸೇರಿಕೊಂಡಿತು.

ನೇಟ್ ಬಗ್ಗೆ ಒಂದು ನಿಮಿಷ ಜಾಸ್ತಿ ತಗೊಳ್ಳುತ್ತೇನೆ. ಅದರ ಶಕ್ತಿ ಒಂದು ಚಾನಲ್ಲಿಗೆ ಹದಿನೈದು ವ್ಯಾಟ್ ಆಸುಪಾಸು. ಆ ಕಾಲದಲ್ಲಿ ಜಪಾನಿನ ಆಂಪ್ಲಿಫೈಯರುಗಳು ಐವತ್ತು, ನೂರು ವ್ಯಾಟ್ ಅಂತ ಬರೆದುಕೊಂಡು, ಮುಂದೆ ಹತ್ತಾರು ಗುಬುಟು, ಕುಣಿಯುವ ಮುಳ್ಳು ಇಟ್ಟುಕೊಂಡು ಬರುತ್ತಿದ್ದವು. ಇದರಲ್ಲಿ ಬಾಸ್, ಟ್ರೆಬಲ್ ಗುಬುಟೂ ಇಲ್ಲ. ಆದರೂ ಜನ ಹುಡುಕಿಕೊಂಡು ಹೋಗಿ ಕೊಂಡರು. ಈಗಲೂ ಹಳೇ ನೇಟ್ ಸೆಕೆಂಡ್ ಹ್ಯಾಂಡಿನಲ್ಲಿ ಬಂದರೆ ನಿಲ್ಲುವುದಿಲ್ಲ. ಕಂಪನಿಗೆ ಐವತ್ತು ವರ್ಷ ತುಂಬಿದಾಗ ಹಳೇ ನೇಟ್ ರೂಪದಲ್ಲೇ ನೇಟ್ 50 ಮಾಡಿದರು. ಮಾಡಿದ್ದು 1973 ಮಾತ್ರ, ಹುಟ್ಟಿದ ವರ್ಷದ ಲೆಕ್ಕಕ್ಕೆ. ಇದೇ ಕಂಪನಿ 2014ರಲ್ಲಿ ಸ್ಟೇಟ್‌ಮೆಂಟ್ ಅನ್ನುವ ಆಂಪ್ಲಿಫೈಯರನ್ನೂ ತಂದಿತು. ಒಂದು ಚಾನಲ್ಲಿಗೆ 746 ವ್ಯಾಟ್. ಈ ನಂಬರ್ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಸರಿಯಾಗಿ ಒಂದು ಎಚ್‌ಪಿ. ತೋಟದಲ್ಲಿ ಒಂದು ಎಚ್‌ಪಿ ಮೋಟರ್ ನೀರೆತ್ತುತ್ತದೆ, ಅಲ್ಲಿ ಹಾಡು ಹೇಳುತ್ತದೆ. ಅದರ ಬೆಲೆ ಕೇಳಬೇಡಿ, ತೋಟವನ್ನೇ ಮಾರಬೇಕಾಗುತ್ತದೆ.

ಈಗ ಸೌಂಡಿನ ವಿಷಯ.

ನೇಮ್ ಅಭಿಮಾನಿಗಳ ಬಾಯಲ್ಲಿ ಯಾವಾಗಲೂ ಬರುವುದು ಮೂರು ಮಾತು: ಪೇಸ್, ರಿದಮ್, ಟೈಮಿಂಗ್. ನಮ್ಮ ಕಡೆಯ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲಪ್ರಮಾಣ, ಅಂದರೆ ತಾಳದ ನಡೆ, ನಿಂತಿದೆಯಾ, ಜಾರಿತಾ ಅಂತ ಹಿಂದಿನ ಸಾಲಿನಲ್ಲಿ ಕೂತು ತೀರ್ಪು ಕೊಡುವ ಜನ ನಾವು. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಿಂದ ಎಷ್ಟು ಜನ ವಿದ್ವಾಂಸರು ಬಂದಿದ್ದಾರೆ ನಿಮಗೆ ಗೊತ್ತು. ಆರ್.ಕೆ. ಶ್ರೀಕಂಠನ್ ಅಲ್ಲಿಯವರು. ರುದ್ರಪಟ್ಟಣಂ ಸಹೋದರರು ಅಲ್ಲಿಯವರು. ಆರ್.ಕೆ. ಪದ್ಮನಾಭ ಅಲ್ಲಿಯವರು. ಅಂಥವರ ಕಛೇರಿ ಕೇಳಿ ಬೆಳೆದ ಕಿವಿಗೆ ಆಂಪ್ಲಿಫೈಯರ್ ಪರೀಕ್ಷೆ ಮಾಡಲು ವಿದೇಶಿ ಡೆಮೊ ರೆಕಾರ್ಡಿಂಗ್ ಏಕೆ? ಒಂದು ಒಳ್ಳೆಯ ತನಿ ಆವರ್ತನ, ಅಂದರೆ ಕಛೇರಿಯಲ್ಲಿ ತಾಳವಾದ್ಯದವರೇ ನುಡಿಸುವ ಭಾಗ, ಸಾಕು.

ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಯಾವ ಆಂಪ್ಲಿಫೈಯರಿಗೂ ಕಾಲಪ್ರಮಾಣ ಬದಲಿಸುವ ತಾಕತ್ತಿಲ್ಲ. ಮೃದಂಗದ ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವಿನ ಸಮಯ ಒಳಗೆ ಹೋದಾಗ ಎಷ್ಟಿತ್ತೋ ಹೊರಗೆ ಬಂದಾಗಲೂ ಅಷ್ಟೇ. ನೂರು ರೂಪಾಯಿಯ ಐಸಿ ಹಾಕಿದ ಬೋರ್ಡಿನಲ್ಲೂ ಅಷ್ಟೇ. ಹಾಗಾದರೆ ಕೈ ತಾಳ ಹಾಕುವುದು ಯಾಕೆ? ನನಗೆ ಅನಿಸುವುದು ಹೀಗೆ. ಪೆಟ್ಟು ಬಿದ್ದದ್ದಕ್ಕಿಂತ ಪೆಟ್ಟು ನಿಂತದ್ದು ಇದರಲ್ಲಿ ಚೆನ್ನಾಗಿ ಕೇಳುತ್ತದೆ. ಮೃದಂಗದ ಎಡಬದಿಯ ತೊಪ್ಪಿಯ ಮೇಲೆ ಗುಮ್ಕಿ ಅನ್ನುವ ತಗ್ಗಿನ ನಾದ ಎಳೆದಾಗ ಅದು ಏರಿ, ಇಳಿದು, ಎಲ್ಲಿ ಮುಗಿಯಿತು ಅನ್ನುವುದು ಗೊತ್ತಾಗಬೇಕು. ಕೆಲವು ಆಂಪ್ಲಿಫೈಯರ್, ಸ್ಪೀಕರ್ ಜೋಡಿಯಲ್ಲಿ ಅದು ಮುಗಿಯುವುದೇ ಇಲ್ಲ. ಮುಂದಿನ ಪೆಟ್ಟಿನೊಳಗೆ ಕಲಸಿಹೋಗುತ್ತದೆ. ನೇಮ್‌ನಲ್ಲಿ ತಳದ ಸ್ವರ ತುಂಬಾ ಆಳಕ್ಕೆ ಇಳಿಯುವುದಿಲ್ಲ, ಆದರೆ ಬಿಗಿಯಾಗಿ ನಿಲ್ಲುತ್ತದೆ. ಬಲಬದಿಯ ಚಾಪು ಪೆಟ್ಟಿನ ಚುರುಕು ಸ್ವಲ್ಪ ಮುಂದಕ್ಕೆ ಬಂದು ಕೂರುತ್ತದೆ. ಲೆಕ್ಕ ಸುಲಭವಾಗಿ ಸಿಗುತ್ತದೆ. ಮುಕ್ತಾಯ ಬರುತ್ತಿದೆ ಅನ್ನುವುದು ನಾಲ್ಕು ಅಕ್ಷರ ಮೊದಲೇ ಮೈಗೆ ಗೊತ್ತಾಗುತ್ತದೆ.

ಇದಕ್ಕೆ ಕೊಡುವ ಬೆಲೆಯೂ ಇದೆ. ಅದೇ ರೆಕಾರ್ಡಿಂಗಿನಲ್ಲಿ ತಂಬೂರಿಯನ್ನು ಹುಡುಕಿ. ಶ್ರುತಿಯ ಸುತ್ತ ತುಂಬಿಕೊಳ್ಳುವ ಆ ಝೇಂಕಾರ, ಸಭಾಂಗಣದ ಗಾಳಿ, ಪಿಟೀಲು ಒಂದು ಹೆಜ್ಜೆ ಹಿಂದೆ ಕೂತಿದೆ ಅನ್ನುವ ದೂರ, ಇವೆಲ್ಲ ಹಳೇ ನೇಮ್‌ಗಳಲ್ಲಿ ಕಮ್ಮಿಯೇ. ವೇದಿಕೆ ಚಪ್ಪಟೆಯಾಗುತ್ತದೆ. ಎಲ್ಲರೂ ಒಂದೇ ಜಮಖಾನದ ಅಂಚಿಗೆ ಬಂದು ಕೂತ ಹಾಗೆ. ವಿಳಂಬದಲ್ಲಿ ಆಲಾಪ ಕೇಳುವವರಿಗೆ, ಕಣ್ಣು ಮುಚ್ಚಿ ಸಭಾಂಗಣದ ಅಳತೆ ತೆಗೆಯುವವರಿಗೆ ಇದು ಹಿಡಿಸುವುದಿಲ್ಲ. ಹಾಗಾಗಿ ಶುರುವಿನಲ್ಲಿ ಹೇಳಿದ ಆ ಇಬ್ಬರ ಜಗಳದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ: ನೀವು ಮನೆಯಲ್ಲಿ ದಿನಾ ಕೇಳುವುದು ಏನು? ತನಿ ಆವರ್ತನ, ಜನಪದ, ಹಳೇ ಸಿನಿಮಾ ಹಾಡು ಅಂದರೆ ಒಂದು ಉತ್ತರ. ರಾತ್ರಿ ಹತ್ತಕ್ಕೆ ದರ್ಬಾರಿ ರಾಗ ಅಂದರೆ ಇನ್ನೊಂದು ಉತ್ತರ.

ನಮ್ಮ ಮನೆಗಳ ಪಾಲೂ ಇದರಲ್ಲಿದೆ. ಹಳೇ ತೋಟದ ಮನೆ ನೆನಪು ಮಾಡಿಕೊಳ್ಳಿ. ರೆಡ್ ಆಕ್ಸೈಡ್ ನೆಲ, ಒರೆಸಿ ಒರೆಸಿ ಕನ್ನಡಿ ಆಗಿದೆ. ಗೋಡೆ ದಪ್ಪ. ಕರ್ಟನ್ ಇಲ್ಲ, ಜಮಖಾನ ಮದುವೆಗೆ ಮಾತ್ರ. ಅಲ್ಲಿ ಮೊದಲೇ ಮುಂದಕ್ಕೆ ಬರುವ ಆಂಪ್ಲಿಫೈಯರ್ ಇಟ್ಟರೆ ರಾಚದೆ ಇನ್ನೇನು ಮಾಡುತ್ತೆ? ಸ್ಪೀಕರ್ ಮುಂದೆ ಒಂದು ದಪ್ಪ ಕಂಬಳಿ ಹಾಸಿ ಆಮೇಲೆ ಬೈಯಿರಿ. ಇನ್ನು ಜುಲೈ ತಿಂಗಳಲ್ಲಿ ಹಂಚಿನ ಮೇಲೆ ಮಳೆ ಶುರುವಾದರೆ ಹದಿನೈದು ವ್ಯಾಟ್ ಅಲ್ಲ, ಆ ಒಂದು ಎಚ್‌ಪಿಯ ಸ್ಟೇಟ್‌ಮೆಂಟ್ ತಂದರೂ ಏನೂ ಕೇಳುವುದಿಲ್ಲ. ಮೂಡಿಗೆರೆ, ಕೊಟ್ಟಿಗೆಹಾರದ ಕಡೆಯವರು ನಗುತ್ತಿದ್ದೀರಿ, ನಿಮಗೇ ಗೊತ್ತು.

ಇಷ್ಟೆಲ್ಲ ವ್ಯತ್ಯಾಸ ನಿಜಕ್ಕೂ ಇದೆಯಾ, ಇಲ್ಲಾ ಸುಮ್ನೆ ಮನಸ್ಸಿನ ಆಟವಾ ಅಂತ ಕೇಳುವವರೂ ಇದ್ದಾರೆ. ಕೇಳಬೇಕು. ಇಂಗ್ಲೆಂಡಿನದೇ ಇನ್ನೊಂದು ಕಂಪನಿ ಕ್ವಾಡ್ 1978ರಲ್ಲಿ ಒಂದು ಪರೀಕ್ಷೆ ಮಾಡಿಸಿತು. 1953ರ ವಾಲ್ವ್ ಆಂಪ್ಲಿಫೈಯರ್ ಕ್ವಾಡ್ 2, ಟ್ರಾನ್ಸಿಸ್ಟರಿನ 303, ಆಮೇಲೆ ಬಂದ 405. ಯಾವುದು ಹಾಡುತ್ತಿದೆ ಅಂತ ಹೇಳದೆ ಪಳಗಿದ ಕಿವಿಯವರಿಗೆ ಕೇಳಿಸಿದರು. ಅವರಿಗೆ ಬೇರೆ ಬೇರೆ ಅಂತ ಗುರುತಿಸಲು ಆಗಲಿಲ್ಲ. ಅಮೆರಿಕದ ಬಾಬ್ ಕಾರ್ವರ್ ಇನ್ನೊಂದು ದಾರಿ ಹಿಡಿದರು. 1985ರ ಹೊತ್ತಿಗೆ ತಮ್ಮ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ತಿದ್ದಿ, ತುಂಬಾ ದುಬಾರಿಯ ವಾಲ್ವ್ ಆಂಪ್ಲಿಫೈಯರಿನ ಹಾಗೇ ಹಾಡಿಸಿ ತೋರಿಸಿದರು. ಅದನ್ನು ಕೇಳಿದ ಪತ್ರಿಕೆಯವರೂ ಒಪ್ಪಿಕೊಂಡರು. ನನಗೆ ಎರಡನೆಯದು ಹೆಚ್ಚು ಇಷ್ಟ. ಆಂಪ್ಲಿಫೈಯರಿಗೆ ಅದರದೇ ಆದ ಸೌಂಡ್ ಇರಬಹುದು, ಆದರೆ ಅದು ಅಳೆಯಲಾಗದ ಮಾಯೆ ಅಲ್ಲ ಅಂತ ಅದು ತೋರಿಸುತ್ತದೆ.

ಅದಕ್ಕೇ ನಿಮ್ಮಲ್ಲಿ ಯಾರಾದರೂ ಎರಡು ಆಂಪ್ಲಿಫೈಯರ್ ಅಕ್ಕಪಕ್ಕ ಇಟ್ಟು ಹೋಲಿಸುವುದಾದರೆ ದಯವಿಟ್ಟು ಕಿವಿಯ ಅಂದಾಜಿನಲ್ಲಿ ವಾಲ್ಯೂಮ್ ಇಡಬೇಡಿ. ಅರ್ಧ ಡೆಸಿಬಲ್ ಜಾಸ್ತಿ ಇದ್ದರೂ ಅದು ಜೋರು ಅಂತ ಅನಿಸುವುದಿಲ್ಲ, "ಚೆನ್ನಾಗಿದೆ" ಅಂತ ಅನಿಸುತ್ತದೆ. ಇಲ್ಲೇ ಹೆಚ್ಚು ಜನ ಬೀಳುವುದು. ಫೋನಿನಿಂದ 100 ಹರ್ಟ್ಸಿನ ಒಂದೇ ಸ್ವರ ಹಾಕಿ. ಸ್ಪೀಕರ್ ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿದು ಎಸಿ ವೋಲ್ಟ್ ನೋಡಿ. ಒಂದರಲ್ಲಿ 2 ವೋಲ್ಟ್ ಬಂದರೆ ಇನ್ನೊಂದರಲ್ಲೂ 2 ವೋಲ್ಟೇ ಬರಬೇಕು. 2.12 ಬಂದರೆ ಅದೇ ಆ ಅರ್ಧ ಡೆಸಿಬಲ್. ಅಗ್ಗದ ಮೀಟರುಗಳು ಮೇಲಿನ ಸ್ವರಗಳನ್ನು ಸರಿಯಾಗಿ ಅಳೆಯುವುದಿಲ್ಲ, ಅದಕ್ಕೇ 100 ಹರ್ಟ್ಸ್ ಹೇಳಿದ್ದು. ಇಷ್ಟು ಮಾಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಈಗ ಮಡಿಯ ಪಟ್ಟಿಗೆ ಬರೋಣ. ಮೊದಲನೆಯದು ತಂತಿ.

ನೇಮ್ ಕೊಡುವ ಸ್ಪೀಕರ್ ತಂತಿಯನ್ನು ಯಾರಾದರೂ ಕೈಯಲ್ಲಿ ಹಿಡಿದಿದ್ದೀರಾ? ಎನ್‌ಎಸಿ ಎ5 ಅಂತ. ಎರಡು ದಪ್ಪ ಎಳೆ, ನಡುವೆ ಪಟ್ಟಿಯಂಥ ಜಾಗ ಬಿಟ್ಟಿರುತ್ತಾರೆ. ಬಗ್ಗಿಸಿದರೆ ಬಗ್ಗುವುದಿಲ್ಲ. ಗೋಡೆ ಮೂಲೆಗೆ ತಿರುಗಿಸಿದರೆ ತಿರುಗಿ ಎದ್ದು ನಿಲ್ಲುತ್ತದೆ. ಜಮಖಾನದ ಕೆಳಗೆ ಹಾಕಿದರೆ ಜಮಖಾನವೇ ಎದ್ದು ಕೂರುತ್ತದೆ. ಮನೆಯವರ ಹತ್ತಿರ ಬೈಸಿಕೊಳ್ಳಲು ಇಷ್ಟು ಸಾಕು. ಅದನ್ನು ಒಂದೊಂದು ಚಾನಲ್ಲಿಗೆ ಕನಿಷ್ಠ ಮೂರೂವರೆ ಮೀಟರ್, ಎರಡು ಕಡೆಗೂ ಒಂದೇ ಉದ್ದ ಹಾಕಿ ಅಂತ ಕಂಪನಿ ಹೇಳುತ್ತದೆ. ಐದು ಮೀಟರ್ ಆದರೆ ಇನ್ನೂ ಒಳ್ಳೆಯದು. ಸ್ಪೀಕರ್ ಎರಡು ಅಡಿ ದೂರದಲ್ಲಿದ್ದರೂ!

ಕೇಳಿದರೆ ಮೂಢನಂಬಿಕೆ ಅನಿಸುತ್ತದೆ. ಆದರೆ ಇಡೀ ಪಟ್ಟಿಯಲ್ಲಿ ಅತಿ ಗಟ್ಟಿ ಕಾರಣ ಇರುವುದು ಇದಕ್ಕೇ. ಬಹಳಷ್ಟು ಕಂಪನಿಗಳು ಆಂಪ್ಲಿಫೈಯರಿನ ಔಟ್‌ಪುಟ್ಟಿನಲ್ಲಿ, ಸ್ಪೀಕರ್ ಟರ್ಮಿನಲ್ಲಿಗೆ ಮುಂಚೆ, ಒಂದು ಸಣ್ಣ ತಾಮ್ರದ ಸುರುಳಿ ಇಡುತ್ತವೆ. ಹೊರಗಿನ ತಂತಿ ಎಂಥದ್ದೇ ಇರಲಿ, ಒಳಗಿನ ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಒಂದು ಪಾಲನ್ನು ಹಿಂದಕ್ಕೆ ತಂದು ತಪ್ಪು ತಿದ್ದುವ ವ್ಯವಸ್ಥೆ) ಹಳಿ ತಪ್ಪದ ಹಾಗೆ ಅದು ಕಾಯುತ್ತದೆ. ವೆರೆಕರ್ ಆ ಸುರುಳಿ ಬೇಡ ಅಂದರು. ಇಲ್ಲದಿದ್ದರೆ ಸೌಂಡ್ ಚೆನ್ನ ಅನ್ನುವುದು ಅವರ ಅಭಿಪ್ರಾಯ. ಹಾಗಾದರೆ ಕಾಯುವವರು ಯಾರು? ತಂತಿಯೇ. ಆ ಉದ್ದದಲ್ಲಿ ಇರುವ ಇಂಡಕ್ಟೆನ್ಸ್ (ಕರೆಂಟಿನ ದಿಢೀರ್ ಬದಲಾವಣೆಗೆ ಅಡ್ಡ ನಿಲ್ಲುವ ಗುಣ) ಸುರುಳಿಯ ಕೆಲಸ ಮಾಡುತ್ತದೆ. ಎರಡು ಎಳೆಯ ನಡುವೆ ಜಾಗ ಬಿಟ್ಟಿರುವುದೂ ಅದಕ್ಕೇ. ಅಂದರೆ ಆ ತಂತಿ ಆಂಪ್ಲಿಫೈಯರಿನ ಒಂದು ಬಿಡಿಭಾಗ, ಡಬ್ಬದ ಹೊರಗಿದೆ ಅಷ್ಟೇ.

ಇದು ಗೊತ್ತಿಲ್ಲದೆ ಜನ ಒಂದು ಮೀಟರ್ ಉದ್ದದ, ಜಡೆ ಹೆಣೆದ ದುಬಾರಿ ತಂತಿ ತಂದು ಹಾಕುತ್ತಾರೆ. ಅಂಥ ಹೆಣೆದ ತಂತಿಗಳಲ್ಲಿ ಇಂಡಕ್ಟೆನ್ಸ್ ತೀರಾ ಕಮ್ಮಿ, ಕೆಪ್ಯಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) ಜಾಸ್ತಿ. ಆಂಪ್ಲಿಫೈಯರ್ ಕಿವಿಗೆ ಕೇಳದ ಮೇಲಿನ ಆವರ್ತನದಲ್ಲಿ ತಾನೇ ಆಂದೋಲನ ಶುರು ಮಾಡುತ್ತದೆ. ನಿಮಗೆ ಏನೂ ಕೇಳುವುದಿಲ್ಲ. ಡಬ್ಬ ಮಾತ್ರ ಸುಮ್ಮನೆ ಬಿಸಿಯಾಗುತ್ತಾ ಹೋಗುತ್ತದೆ. ಒಂದು ದಿನ ಟ್ರಾನ್ಸಿಸ್ಟರ್ ಹೋಗುತ್ತದೆ. ಎ5 ಕೊಳ್ಳಲು ಮನಸ್ಸಿಲ್ಲದಿದ್ದರೆ ಬೇಡ. ಅಂಗಡಿಯಲ್ಲಿ ಸಿಗುವ ಒಳ್ಳೆಯ 2.5 ಚದರ ಮಿಲಿಮೀಟರಿನ ಸಾದಾ ಜೋಡಿ ತಂತಿಯನ್ನೇ ಐದೈದು ಮೀಟರ್ ಹಾಕಿ. ನನ್ನ ಲೆಕ್ಕದಲ್ಲಿ ಅದು ಹೆಣೆದ ತಂತಿಗಿಂತ ಸಾವಿರ ಪಾಲು ಕ್ಷೇಮ. ಮಿಕ್ಕಿದ್ದನ್ನು ಬಿಗಿಯಾಗಿ ಸುತ್ತಿಡಬೇಡಿ, ಹಿಂದೆ ಸಡಿಲವಾಗಿ ಬಿಡಿ.

ಬೇರೆಯವರ ಪ್ರಿಆಂಪ್ ಬೇಡ ಅನ್ನುವುದಕ್ಕೂ ಹೀಗೇ ಕಾರಣ ಇದೆ. ತೀರಾ ಮೇಲಿನ ಆವರ್ತನಗಳನ್ನು ಕತ್ತರಿಸಿ ಪವರ್ ಆಂಪಿಗೆ ಕೊಡುವ ಕೆಲಸವನ್ನು ನೇಮ್ ತನ್ನ ಪ್ರಿಆಂಪಿಗೆ ವಹಿಸಿದೆ. ಕತ್ತರಿಸದೆ ಕೊಡುವ ಪ್ರಿಆಂಪ್ ಸಿಕ್ಕಿಸಿದರೆ ಹೊಣೆ ನಿಮ್ಮದು.

ಡಿನ್ ಸಾಕೆಟ್ ವಿಷಯಕ್ಕೆ ಬಂದರೆ ವಯಸ್ಸಾದವರ ಮುಖ ಅರಳುತ್ತದೆ. ಆ ಗುಂಡು ಸಾಕೆಟ್, ಐದು ತೂತು. ಹಳೇ ಫಿಲಿಪ್ಸ್ ಟೇಪ್‌ರೆಕಾರ್ಡರಿನ ಪಕ್ಕದಲ್ಲಿ ಇರುತ್ತಿತ್ತಲ್ಲ, ಅದೇ. ಜರ್ಮನಿಯ ಸ್ಟ್ಯಾಂಡರ್ಡ್. ಜಗತ್ತೆಲ್ಲ ಕೆಂಪು ಬಿಳಿ ಆರ್‌ಸಿಎ ಪಿನ್ನಿಗೆ ಹೋದರೂ ನೇಮ್ ಇದನ್ನು ಬಿಡಲಿಲ್ಲ. ಎರಡೂ ಚಾನಲ್ ಒಂದೇ ಪ್ಲಗ್ಗಿನಲ್ಲಿ, ಇಬ್ಬರಿಗೂ ಒಂದೇ ಗ್ರೌಂಡ್. ನಡುವಿನ 2ನೇ ಪಿನ್ ಗ್ರೌಂಡ್, 3 ಎಡ, 5 ಬಲ. ಗ್ರೌಂಡ್ ಎರಡು ದಾರಿಯಲ್ಲಿ ಸುತ್ತು ಹೊಡೆಯುವುದಿಲ್ಲ, ಗುಂಯ್ ಅನ್ನುವ ಸದ್ದಿಗೆ ಅವಕಾಶ ಕಮ್ಮಿ. ಇದು ಒಳ್ಳೆಯ ಎಂಜಿನಿಯರಿಂಗ್. ಆದರೆ ಇದರಿಂದ ಸೌಂಡೇ ಬೇರೆ ಅಂತ ಹೇಳುವವರ ಜೊತೆ ನಾನು ನಿಲ್ಲಲಾರೆ. ಈಚಿನ ನೇಟ್‌ಗಳಲ್ಲಿ ಆರ್‌ಸಿಎ ಕೂಡ ಕೊಟ್ಟಿದ್ದಾರೆ, ಆರಾಮಾಗಿ ಬಳಸಿ. ಡಿನ್ ಪ್ಲಗ್ ಬೇಕಾದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಒಂದು ಎಚ್ಚರ: ನೇಮ್ ಪ್ರಿಆಂಪಿನ ಹಿಂದೆ ಕೆಲವು ಸಾಕೆಟ್ಟಿನಲ್ಲಿ ಸಿಗ್ನಲ್ ಜೊತೆ 24 ವೋಲ್ಟ್ ಕೂಡ ಇರುತ್ತದೆ. ಆಕಾರ ಹೊಂದುತ್ತೆ ಅಂತ ಕತ್ತಲಲ್ಲಿ ತಡಕಿ ಸಿಕ್ಕಿಸಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಈ ಪಿನ್ನುಗಳು ಕಪ್ಪಾಗುತ್ತವೆ. ಒಂದು ಚಾನಲ್ ಬಂದು ಹೋಗಿ ಮಾಡುತ್ತಿದ್ದರೆ ಆಂಪ್ಲಿಫೈಯರ್ ಬಿಚ್ಚುವ ಮೊದಲು ಪ್ಲಗ್ ತೆಗೆದು ಒರೆಸಿ ಹಾಕಿ.

ಮುಂದಿನದು ಡಬ್ಬದ ಮೇಲೆ ಡಬ್ಬ. ನೇಮ್‌ನ ಅನೇಕ ಪ್ರಿಆಂಪುಗಳಿಗೆ ಸ್ವಂತ ಪವರ್ ಸಪ್ಲೈ ಇಲ್ಲ. ಪವರ್ ಆಂಪಿನಿಂದ ಕಡ ತರುತ್ತವೆ. ಆಮೇಲೆ ಹೈಕ್ಯಾಪ್ ಅಂತ ಬೇರೆ ಸಪ್ಲೈ ಕೊಳ್ಳಬಹುದು. ಆಮೇಲೆ ಸೂಪರ್‌ಕ್ಯಾಪ್. ಏಣಿ ಮುಗಿಯುವುದೇ ಇಲ್ಲ. ಸ್ಪೀಕರಿಗೆ ಹೋಗುವ ಕರೆಂಟೆಲ್ಲ ಬರುವುದು ಪವರ್ ಸಪ್ಲೈಯಿಂದಲೇ. ದೊಡ್ಡ ಟ್ರಾನ್ಸ್‌ಫಾರ್ಮರನ್ನು ಸಣ್ಣ ಸಿಗ್ನಲ್ಲಿನಿಂದ ದೂರ ಇಟ್ಟಷ್ಟೂ ಒಳ್ಳೆಯದು. ರೆಕಾರ್ಡ್ ಪ್ಲೇಯರ್ ಇರುವವರಿಗೆ ಇದು ಎದ್ದು ಕಾಣುತ್ತದೆ. ಇಷ್ಟು ನಾನು ಒಪ್ಪುತ್ತೇನೆ. ಆದರೆ ಪುಟ್ಟ ನೇಟಿನ ಪಕ್ಕ ಅದಕ್ಕಿಂತ ದುಬಾರಿ ಸಪ್ಲೈ ತಂದಿಡುವುದು ನನಗೆ ದುಡ್ಡಿನ ಲೆಕ್ಕಕ್ಕೆ ಸರಿಬರುವುದಿಲ್ಲ. ಅದೇ ಹಣದಲ್ಲಿ ಸ್ಪೀಕರ್ ಬದಲಿಸಿದರೆ ಅಡುಗೆಮನೆಯಲ್ಲಿ ಇರುವವರಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಇನ್ನು ಗಾಜಿನ ಹಲಗೆ, ಉಕ್ಕಿನ ಗುಂಡು ಇಟ್ಟ ಸ್ಟ್ಯಾಂಡಿನ ವಿಷಯ ನಾನು ಮಾತಾಡುವುದಿಲ್ಲ. ರೆಕಾರ್ಡ್ ಪ್ಲೇಯರನ್ನು ಅಲುಗಾಡದ ಕಡೆ ಇಡಿ, ಸಾಕು.

ಈಗ ಸ್ವಿಚ್ ಆಫ್ ಮಾಡಬಾರದು ಅನ್ನುವ ನಿಯಮ. ಇದು ನಮಗೆ ತುಂಬಾ ಮುಖ್ಯ.

ಬಹಳಷ್ಟು ನೇಮ್ ಡಬ್ಬಗಳ ಮುಂದೆ ಹಸಿರು ಬೆಳಕಿನಲ್ಲಿ ಕಂಪನಿಯ ಹೆಸರು ಉರಿಯುತ್ತಿರುತ್ತದೆ. ಅದು ಆರಬಾರದು ಅನ್ನುವುದು ಅಭಿಮಾನಿಗಳ ವ್ರತ. ಆರಿಸಿ ಹಾಕಿದರೆ ಮತ್ತೆ ಸರಿಯಾಗಿ ಹಾಡಲು ದಿನಗಳೇ ಬೇಕು ಅನ್ನುತ್ತಾರೆ. ಟ್ರಾನ್ಸಿಸ್ಟರ್ ಬಿಸಿಯಾಗಿ ಒಂದು ಹದಕ್ಕೆ ಬರಲು ಸಮಯ ಬೇಕು, ಸರಿ. ನನ್ನ ಕಿವಿಗೆ ಒಂದು ಗಂಟೆ ಸಾಕು. ಸಾಲ್ಸ್‌ಬರಿಯಲ್ಲಿ ಕರೆಂಟು ಹೋಗುವುದೇ ಅಪರೂಪ, ಅಲ್ಲಿ ಈ ವ್ರತ ನಡೆಯುತ್ತದೆ. ಇಲ್ಲಿ ನಡೆಸಿ ನೋಡೋಣ. ಕಾಫಿ ಹಣ್ಣು ಕುಯ್ಲಿನ ಸಮಯದಲ್ಲಿ ಸಿಪ್ಪೆ ಬಿಡಿಸುವ ಊರಿನ ಪಲ್ಪರ್ ಮೋಟರೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ 180ಕ್ಕೆ ಬೀಳುತ್ತದೆ. ರಾತ್ರಿ ಹನ್ನೊಂದರ ಮೇಲೆ ಎಲ್ಲ ನಿಂತಾಗ, ಟಿಸಿ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್, ಹತ್ತಿರದ ಮನೆಗಳಲ್ಲಿ 250 ದಾಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲು. ಜೂನ್ ಬಂದರೆ ಮರ ಬಿದ್ದು ಲೈನ್ ಹೋಗುತ್ತದೆ, ಬರುವಾಗ ಒಂದೇ ಏಟಿಗೆ ನುಗ್ಗಿ ಬರುತ್ತದೆ.

ಹಾಗಾಗಿ ನಾನು ಇಟ್ಟುಕೊಂಡಿರುವ ನಿಯಮ ಬೇರೆ. ಬೇಸಿಗೆಯ ಸಿಡಿಲಿನ ತಿಂಗಳುಗಳಲ್ಲಿ ಕೇಳಿ ಮುಗಿಸಿದ ಮೇಲೆ ಸ್ವಿಚ್ ಅಲ್ಲ, ಪ್ಲಗ್ಗನ್ನೇ ಕೀಳಬೇಕು. ಆಂಟೆನಾ ಇದ್ದರೆ ಅದನ್ನೂ ಕೀಳಬೇಕು. ಮಳೆಗಾಲದಲ್ಲಿ ಮಾತ್ರ ನೇಮ್‌ನವರ ಮಾತಿಗೆ ಒಂದು ಅರ್ಥ ಇದೆ, ಅವರು ಹೇಳಿದ ಕಾರಣಕ್ಕಲ್ಲ. ಉಗುರು ಬೆಚ್ಚಗಿನ ಡಬ್ಬದೊಳಗೆ ತೇವ ಕೂರುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ಆದರೆ ಕರೆಂಟು ಹೋದ ಕೂಡಲೇ ಸ್ವಿಚ್ ಆರಿಸಿ. ಬಂದ ಮೇಲೆ ಐದು ನಿಮಿಷ ನೋಡಿ ಹಾಕಿ. ಬಿಲ್ಲಿನ ಲೆಕ್ಕವೂ ಇದೆ. ಒಂದು ಡಬ್ಬ ಸುಮ್ಮನಿದ್ದಾಗ 20 ವ್ಯಾಟ್ ಎಳೆಯಿತು ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಹದಿನಾಲ್ಕು ಯೂನಿಟ್ ಆಯಿತು. ಮೂರು ಡಬ್ಬ ಇದ್ದವರು ಗೃಹಜ್ಯೋತಿಯ ಸರಾಸರಿ ಮೀರಿದರೆ ಮನೆಯಲ್ಲಿ ಏನು ಉತ್ತರ ಕೊಡುತ್ತೀರಿ, ಯೋಚನೆ ಮಾಡಿ.

ಕರೆಂಟಿನ ದಾರಿಯಲ್ಲಿ ಏನೂ ಇಡಬೇಡಿ ಅನ್ನುವ ನಿಯಮವನ್ನು ನಾನು ಇಲ್ಲಿ ಖಂಡಿತ ಮುರಿಯುತ್ತೇನೆ. ಸ್ಟೆಬಿಲೈಸರ್ ಬೇಕೇ ಬೇಕು. ಅದರಲ್ಲೂ ಫ್ರಿಜ್ಜಿಗೆ ಬರುವ ಹಾಗೆ ಕರೆಂಟು ಬಂದ ಮೇಲೆ ಮೂರು ನಿಮಿಷ ಕಾದು ಕೊಡುವ ಟೈಮ್ ಡಿಲೇ ಇರಲಿ. ಸೌಂಡ್ ಒಂದು ಕೂದಲೆಳೆ ಮಂದ ಆಯಿತು ಅಂತ ಯಾರಾದರೂ ಹೇಳಿದರೆ ನಾನು ವಾದ ಮಾಡುವುದಿಲ್ಲ. ಸುಟ್ಟ ಆಂಪ್ಲಿಫೈಯರ್ ಇನ್ನೂ ಮಂದ. ಸ್ಕ್ವೇರ್ ವೇವ್ ಇನ್ವರ್ಟರಿಗೆ ಮಾತ್ರ ಕೊಡಬೇಡಿ, ಒಳಗಿನ ಟ್ರಾನ್ಸ್‌ಫಾರ್ಮರ್ ಗೊಣಗುತ್ತದೆ. ಸೈನ್ ವೇವ್ ಆದರೆ ಪರವಾಗಿಲ್ಲ.

ಗೊಣಗುವುದು ಅಂದ ಕೂಡಲೇ ಹಲವರು ತಲೆ ಎತ್ತಿದಿರಿ. ನೇಮ್ ಇದ್ದವರ ಸಾಮಾನ್ಯ ದೂರು ಇದು. ಸ್ಪೀಕರಿನಿಂದ ಅಲ್ಲ, ಡಬ್ಬದಿಂದಲೇ ಸದ್ದು. ಕಿವಿ ಹತ್ತಿರ ಹಿಡಿದು ಖಚಿತ ಮಾಡಿಕೊಳ್ಳಿ, ಎರಡಕ್ಕೂ ಮದ್ದು ಬೇರೆ. ಇವರು ಹಾಕುವುದು ಬಳೆಯ ಆಕಾರದ ದೊಡ್ಡ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್. ಅದು ಎಸಿ ಜೊತೆ ಸ್ವಲ್ಪ ಡಿಸಿ ಸೇರಿದರೂ ಸಹಿಸುವುದಿಲ್ಲ. ಎಲ್ಲಿಂದ ಬರುತ್ತೆ ಡಿಸಿ? ಹೇರ್ ಡ್ರೈಯರನ್ನು ಕಮ್ಮಿ ಬಿಸಿಗೆ ಇಟ್ಟಾಗ ಕೆಲವು ಮಾದರಿಗಳು ಕರೆಂಟಿನ ಒಂದೇ ಬದಿಯ ಅಲೆ ಬಳಸುತ್ತವೆ. ಅಂಥದ್ದು ಪಕ್ಕದ ಕೋಣೆಯಲ್ಲಿ ಓಡಿದರೆ ಸಾಕು, ಈ ಡಬ್ಬ ಶುರು ಮಾಡುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಮಾತ್ರ ಗುಂಯ್ ಅನ್ನುತ್ತೆ ಅಂತಾದರೆ ಮೊದಲು ಮನೆಯೊಳಗೆ ಹುಡುಕಿ, ಆಮೇಲೆ ರಿಪೇರಿಯವರ ಹತ್ತಿರ ಹೋಗಿ. ರಾತ್ರಿ ಮಾತ್ರ ಅನ್ನುತ್ತೆ ಅಂದರೆ ಆ 250 ವೋಲ್ಟ್ ಕಾರಣ ಇರಬಹುದು. ಸ್ಪೀಕರಿನಿಂದ ಬರುವ ಗುಂಯ್ ಸಾಮಾನ್ಯವಾಗಿ ಅರ್ಥಿಂಗ್ ತಕರಾರು. ನೇಮ್‌ನಲ್ಲಿ ಸಿಗ್ನಲ್ ಗ್ರೌಂಡ್ ಅರ್ಥಿಗೆ ಸೇರುವುದು ಒಂದೇ ಕಡೆ, ಸಾಮಾನ್ಯವಾಗಿ ಸಿಡಿ ಪ್ಲೇಯರಿನಂಥ, ಹಾಡು ಹೊರಡುವ ಡಬ್ಬದಲ್ಲಿ. ಇನ್ನೊಂದು ಕಡೆ ಕಂಪ್ಯೂಟರೋ ಸೆಟ್‌ಟಾಪ್ ಬಾಕ್ಸೋ ಸಿಕ್ಕಿಸಿದರೆ ಎರಡು ಕಡೆ ಆಯಿತು. ಒಂದೊಂದೇ ಕಿತ್ತು ನೋಡಿ.

ಕೊನೆಗೆ ಸೆಕೆಂಡ್ ಹ್ಯಾಂಡ್. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಕೊಳ್ಳುವುದಾದರೆ ಅದನ್ನೇ. ಮೊದಲು ಹಿಂದಿನ ಪಟ್ಟಿಯಲ್ಲಿ ವೋಲ್ಟೇಜ್ ಓದಿ. ಅಮೆರಿಕದಿಂದ ಬಂದದ್ದಾದರೆ 115 ಇರುತ್ತದೆ. ನಮ್ಮ ಸಾಕೆಟ್ಟಿಗೆ ಹಾಕಿದರೆ ಅವತ್ತೇ ಕೊನೆ. ಎರಡನೆಯದು, ವಯಸ್ಸು. 1989ರ ತನಕದ್ದಕ್ಕೆ ಕ್ರೋಮ್ ಬಂಪರ್ ಅನ್ನುತ್ತಾರೆ, ಅಲ್ಲಿಂದ 2002ರ ಹೊತ್ತಿನ ತನಕದ್ದಕ್ಕೆ ಆಲಿವ್, ಆಮೇಲೆ ಕಪ್ಪು. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳು (ಚಾರ್ಜ್ ಹಿಡಿದಿಡುವ, ಒಳಗೆ ದ್ರವ ಇರುವ ಬಿಡಿಭಾಗ) ಹತ್ತು ವರ್ಷ ದಾಟಿದರೆ ಒಣಗುತ್ತಾ ಬರುತ್ತವೆ. ಯಾವಾಗಲೂ ಆನ್ ಇದ್ದ ಡಬ್ಬದಲ್ಲಿ ಇನ್ನೂ ಬೇಗ, ಬಿಸಿ ಹೆಚ್ಚಿದಷ್ಟೂ ಅವುಗಳ ಆಯಸ್ಸು ಕಮ್ಮಿ. "ಒಂದು ದಿನಾನೂ ಆಫ್ ಮಾಡಿಲ್ಲ ಸಾರ್" ಅಂತ ಮಾರುವವರು ಹೆಮ್ಮೆಯಿಂದ ಹೇಳಿದರೆ ನೀವು ಬೆಲೆ ಇಳಿಸಿ ಕೇಳಿ. ಹಳೇ ನೇಮ್ ಕೇಳಿ ಸಪ್ಪೆ ಅಂದವರಲ್ಲಿ ಎಷ್ಟೋ ಜನ ಕೇಳಿದ್ದು ಒಣಗಿದ ಕೆಪ್ಯಾಸಿಟರನ್ನು.

ಇಲ್ಲೇ ರಿಪೇರಿ ಮಾಡಿಸಬಹುದಾ ಅಂತ ಆಗಲೇ ಒಬ್ಬರು ಕೇಳಿದರು. ಜಾತ್ರೆಯ ಮೈಕ್ ಸೆಟ್ಟಿನ ಆಂಪ್ಲಿಫೈಯರುಗಳನ್ನು ಕೈ ನಡುಗದೆ ರಿಪೇರಿ ಮಾಡುವವರು ನಮ್ಮೂರಲ್ಲಿದ್ದಾರೆ. ಪವರ್ ಸಪ್ಲೈಯ ದೊಡ್ಡ ಕೆಪ್ಯಾಸಿಟರ್ ಬದಲಿಸುವುದು ಅವರಿಗೆ ಕಷ್ಟ ಅಲ್ಲ. ಅದೇ ಅಳತೆಯ, 105 ಡಿಗ್ರಿ ಅಂತ ಬರೆದಿರುವ ಮಾಲು ತಂದುಕೊಡಿ. ಸಿಗ್ನಲ್ ಬೋರ್ಡಿನ ಮೇಲಿರುವ, ಹನಿಯ ಆಕಾರದ ಸಣ್ಣ ಟ್ಯಾಂಟಲಮ್ ಕೆಪ್ಯಾಸಿಟರುಗಳು ಕೆಟ್ಟಿಲ್ಲದಿದ್ದರೆ ಮುಟ್ಟಬೇಡಿ ಅಂತ ಹೇಳಿ. ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿದ್ದರೆ ಮಾತ್ರ ಆ ಕೆಲಸ ಅವರಿಗೆ ಕೊಡಬೇಡಿ. ಕೆಲವು ಮಾದರಿಗಳಲ್ಲಿ ಎನ್‌ಎ 009ರಂಥ ಕಂಪನಿಯದೇ ನಂಬರಿನ ಟ್ರಾನ್ಸಿಸ್ಟರ್ ಇರುತ್ತದೆ. ಪೇಟೆಯಲ್ಲಿ ಸಿಕ್ಕಿದ್ದನ್ನು ಕೂರಿಸಿದರೆ ಹಾಡುತ್ತದೆ, ಎಷ್ಟು ದಿನ ಅಂತ ಹೇಳಲಾಗದು. ಅಂಥ ಡಬ್ಬವನ್ನು ಚೆನ್ನಾಗಿ ಪ್ಯಾಕ್ ಮಾಡಿ ಕಂಪನಿಯ ಸರ್ವಿಸ್ ಇರುವ ಕಡೆಗೇ ಕಳಿಸಬೇಕು. ಕೊರಿಯರಿನವರಿಗೆ ತೂಕ ಮೊದಲೇ ಹೇಳಿ. ಆ ಟ್ರಾನ್ಸ್‌ಫಾರ್ಮರ್ ಭಾರಕ್ಕೆ ತೆಳು ರಟ್ಟಿನ ಪೆಟ್ಟಿಗೆ ತಳ ಬಿಡುತ್ತದೆ.